ಅಟ್ಲಾಸ್ ಬೆಟ್ಟದ ಹಾಸ್ಟೆಲುಗಳು: ಕಟ್ಟಡಕ್ಕೆ ದಾನಿಗಳಿದ್ದಾರೆ, ಅಡುಗೆಮನೆಗೆ ಯಾರು?

ಮೊರಾಕ್ಕೊದ ಹೈ ಅಟ್ಲಾಸ್ ಬೆಟ್ಟಸಾಲಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಓದು ನಿಂತುಹೋಗುತ್ತಿದ್ದದ್ದು ಹೆಚ್ಚಾಗಿ ಹನ್ನೆರಡನೇ ವಯಸ್ಸಿಗೆ. ಅಲ್ಲಿ ಪ್ರಾಥಮಿಕ ಶಾಲೆ ಆರು ವರ್ಷ. ಆಮೇಲೆ ಮೂರು ವರ್ಷ ಕೊಲೆಜ್, ಅಂದರೆ ನಮ್ಮ ಮಾಧ್ಯಮಿಕ ಶಾಲೆಯಂಥದ್ದು. ಅದಾದ ಮೇಲೆ ಮೂರು ವರ್ಷ ಲಿಸೆ, ಕೊನೆಗೆ ಬ್ಯಾಕಲೋರಿಯಾ ಪರೀಕ್ಷೆ. ಪ್ರಾಥಮಿಕ ಶಾಲೆ ಊರಲ್ಲೋ ಪಕ್ಕದ ಊರಲ್ಲೋ ಸಿಗುತ್ತದೆ. ಕೊಲೆಜ್ ಇರುವುದು ಬೆಟ್ಟ ಇಳಿದು ಹೋಗಬೇಕಾದ ಸಂತೆಪಟ್ಟಣದಲ್ಲಿ, ಹತ್ತೋ ಇಪ್ಪತ್ತೋ ಕಿಲೋಮೀಟರ್ ದೂರ, ಕೆಲವು ಹಳ್ಳಿಗಳಿಗೆ ಇನ್ನೂ ಹೆಚ್ಚು. ಎಷ್ಟೋ ಕಡೆ ಹೇಸರಗತ್ತೆ ನಡೆಯುವ ದಾರಿ. ಚಳಿಗಾಲದಲ್ಲಿ ಹಿಮ ಬಿದ್ದರೆ ಅದೂ ಮುಚ್ಚಿಹೋಗುತ್ತದೆ. ಗಂಡುಹುಡುಗನಾದರೆ ನೆಂಟರ ಮನೆಯಲ್ಲಿ ಬಿಡುತ್ತಾರೆ, ಇಲ್ಲವೇ ನಾಲ್ಕು ಹುಡುಗರು ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿಯುತ್ತಾರೆ. ಮಗಳನ್ನು ಹಾಗೆ ಬಿಡಲು ಯಾವ ಅಪ್ಪನಿಗೂ ಧೈರ್ಯ ಬರುವುದಿಲ್ಲ. ಹದಿನಾರು ವರ್ಷದವರೆಗೆ ಓದು ಕಡ್ಡಾಯ ಎಂದು ದೇಶದ ಕಾನೂನು ಹೇಳುತ್ತದೆ. ಆ ದಾರಿಯನ್ನು ಹುಡುಗಿ ದಿನಕ್ಕೆರಡು ಸಲ ಹೇಗೆ ದಾಟಬೇಕು ಎಂದು ಕಾನೂನು ಹೇಳುವುದಿಲ್ಲ.

ಶಾಲೆ ಬಿಟ್ಟ ಹುಡುಗಿಗೆ ಕೆಲಸಕ್ಕೇನೂ ಬರವಿಲ್ಲ. ನೀರು ಹೊರಬೇಕು, ಮೇವು ಕೊಯ್ಯಬೇಕು, ಸೌದೆ ತರಬೇಕು, ಕಂಕುಳಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡಿರಬೇಕು. ಮನೆಯಲ್ಲಿ ತೀರಾ ಕಷ್ಟವಿದ್ದರೆ ಕಾಸಾಬ್ಲಾಂಕಾದಂಥ ದೊಡ್ಡ ಊರಿನ ಮನೆಗೆಲಸಕ್ಕೆ ಕಳಿಸುತ್ತಿದ್ದರು. ಫ್ರೆಂಚ್ ಮಾತು ಬೆರೆತ ಆ ದೇಶದಲ್ಲಿ ಇಂಥ ಹುಡುಗಿಯರನ್ನು ಪೆತಿತ್ ಬೊನ್ ಎನ್ನುತ್ತಾರೆ, ಚಿಕ್ಕ ಕೆಲಸದವಳು ಎಂದು. 16ಕ್ಕಿಂತ ಕಿರಿಯರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬ ಕಾನೂನು ಜಾರಿಗೆ ಬಂದದ್ದು 2018ರ ಅಕ್ಟೋಬರ್‌ನಲ್ಲಿ, ಮೊನ್ನೆ ಮೊನ್ನೆ ಎನ್ನಬೇಕು. ಮದುವೆಯ ವಯಸ್ಸನ್ನು 2004ರ ಕುಟುಂಬ ಕಾನೂನು 18ಕ್ಕೆ ಏರಿಸಿತು. ಆದರೆ ನ್ಯಾಯಾಧೀಶರ ಅನುಮತಿ ಸಿಕ್ಕರೆ ಅದಕ್ಕಿಂತ ಮೊದಲೂ ಮಾಡಬಹುದು ಎಂಬ ಕಿಂಡಿಯನ್ನೂ ಬಿಟ್ಟಿತು. ಆ ಕಿಂಡಿಯಲ್ಲಿ ಸಾವಿರಾರು ಹುಡುಗಿಯರು ನುಸುಳಿಹೋಗಿದ್ದಾರೆ. ಹನ್ನೆರಡಕ್ಕೆ ಮನೆ ಸೇರಿದವಳನ್ನು ಹದಿನೆಂಟರವರೆಗೆ ಹಾಗೇ ಇಟ್ಟುಕೊಳ್ಳುವುದು ಬಡ ಮನೆಗೆ ಸುಲಭವಲ್ಲ.

ಜನಗಣತಿ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. 2014ರಲ್ಲಿ ಮೊರಾಕ್ಕೊದಲ್ಲಿ ಓದುಬರಹ ಬಾರದವರು ಶೇ. 32ರಷ್ಟಿದ್ದರು, 2024ರ ಹೊತ್ತಿಗೆ ಅದು ಸುಮಾರು ಶೇ. 25ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೆ ಹೆಂಗಸರನ್ನಷ್ಟೇ ಎಣಿಸಿದರೆ ಇನ್ನೂ ಶೇ. 32ರ ಆಸುಪಾಸು, ಹಳ್ಳಿಗಾಡನ್ನಷ್ಟೇ ಎಣಿಸಿದರೆ ಶೇ. 38. ಹಳ್ಳಿಯ ಹೆಂಗಸು ಈ ಎರಡೂ ಲೆಕ್ಕದಲ್ಲಿ ಬರುತ್ತಾಳೆ.

ಈ ಕಥೆಯಲ್ಲಿ ಅಸ್ನಿ ಎಂಬ ಪಟ್ಟಣ ಬರುವುದು 2007ರಲ್ಲಿ. ಮರಾಕೇಶ್‌ನಿಂದ ದಕ್ಷಿಣಕ್ಕೆ ಬೆಟ್ಟದ ಕಡೆ ಒಂದು ಗಂಟೆ ಹೋದರೆ ಸಿಗುವ, ಶನಿವಾರದ ಸಂತೆಗೆ ಹೆಸರಾದ ಊರು ಅದು. ಅಲ್ಲಿಂದ ಇನ್ನಷ್ಟು ಮೇಲೆ ಇಮ್ಲಿಲ್. ಉತ್ತರ ಆಫ್ರಿಕಾದಲ್ಲೇ ಎತ್ತರವಾದ, 4,167 ಮೀಟರಿನ ತೂಬ್ಕಾಲ್ ಶಿಖರ ಹತ್ತುವವರು ಹೊರಡುವುದು ಈ ಇಮ್ಲಿಲ್‌ನಿಂದ. ಇಮ್ಲಿಲ್‌ನಲ್ಲಿ ಬ್ರಿಟನ್ನಿನ ಇಬ್ಬರು ಅಣ್ಣತಮ್ಮಂದಿರು ಊರವರ ಜೊತೆಗೂಡಿ ಒಂದು ಅತಿಥಿಗೃಹ ನಡೆಸುತ್ತಿದ್ದರು. ಪ್ರವಾಸಿಗರ ಬಿಲ್ಲಿಗೆ ಶೇ. 5 ಸೇರಿಸಿ ಆ ಹಣವನ್ನು ಊರಿನ ಸಂಘಕ್ಕೆ ಕೊಡುವ ಪದ್ಧತಿ ಅಲ್ಲಿ ಬೆಳೆದಿತ್ತು. ಆಂಬುಲೆನ್ಸ್ ಬಂತು, ಸಾರ್ವಜನಿಕ ಸ್ನಾನಗೃಹ ಬಂತು. ಆ ನಂಟಿನಲ್ಲೇ ಹುಟ್ಟಿದ್ದು ಎಜುಕೇಷನ್ ಫಾರ್ ಆಲ್ ಎಂಬ ಸಣ್ಣ ದತ್ತಿ ಸಂಸ್ಥೆ. ಅದು ಶಾಲೆ ಕಟ್ಟಲಿಲ್ಲ. ಶಾಲೆ ಇತ್ತು, ಮೇಷ್ಟ್ರಿದ್ದರು, ಸರ್ಕಾರದ ಪಠ್ಯಪುಸ್ತಕವಿತ್ತು. ಇಲ್ಲದಿದ್ದದ್ದು ಸೋಮವಾರದಿಂದ ವಾರದ ಕೊನೆಯವರೆಗೆ ಹುಡುಗಿ ಮಲಗಲು ಒಂದು ಹಾಸಿಗೆ. ಶಾಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಸಂಸ್ಥೆ ಆ ಹಾಸಿಗೆ ಹಾಕಿತು.

ಅಸ್ನಿಯ ಮೊದಲ ಮನೆಯ ನಂತರ ಅಲ್ಲೇ ಇನ್ನಷ್ಟು ಮನೆಗಳಾದವು, ವಿರ್ಗಾನ್‌ನಲ್ಲಿ ಆಯಿತು, ಇನ್ನೂ ಒಳಗಿನ ತಲಾತ್ ನ್ಯಾಕೂಬ್‌ನಲ್ಲಿ ಆಯಿತು. ಒಂದೊಂದು ಮನೆಯಲ್ಲಿ ಸುಮಾರು ನಲವತ್ತು ಹುಡುಗಿಯರು. ಎಲ್ಲ ಸೇರಿ ಇನ್ನೂರೈವತ್ತರ ಆಸುಪಾಸು. ಶುರುವಿನಿಂದಲೂ ಸಂಸ್ಥೆ ನಡೆದದ್ದು ಸಂಬಳ ತೆಗೆದುಕೊಳ್ಳದ ಸ್ವಯಂಸೇವಕರ ಬಲದ ಮೇಲೆ. ಸಂಬಳ ಹೋಗುವುದು ಮನೆಯೊಳಗಿದ್ದು ಮನೆ ನಡೆಸುವ ಸ್ಥಳೀಯ ಹೆಂಗಸರಿಗೆ: ಹೌಸ್ ಮದರ್‌ಗೆ, ಅಡುಗೆಯವರಿಗೆ. ಇದು ನನಗೆ ಈ ಇಡೀ ಏರ್ಪಾಡಿನ ತಿರುಳು ಎನಿಸುತ್ತದೆ, ಯಾಕೆಂದು ಹೇಳುತ್ತೇನೆ.

ನನ್ನನ್ನು ಪಿಯುಸಿಗೆ ತಾಲ್ಲೂಕು ಕೇಂದ್ರದ ಹುಡುಗಿಯರ ಹಾಸ್ಟೆಲಿಗೆ ಸೇರಿಸಲು ಅಪ್ಪ ಕರೆದುಕೊಂಡು ಹೋದ ದಿನ ನೆನಪಿದೆ. ಟ್ರಂಕನ್ನು ಹೆಗಲಿನಿಂದ ಇಳಿಸದೆಯೇ ಅವರು ಒಳಗೆಲ್ಲ ನೋಡಿದರು. ಕಾಲೇಜಿನ ರಿಸಲ್ಟ್ ಎಷ್ಟು ಎಂದು ಕೇಳಲಿಲ್ಲ, ಓದುವ ಕೋಣೆಗೆ ಇಣುಕಲಿಲ್ಲ. ಬಚ್ಚಲುಮನೆ ಖಾಲಿ ಇದೆಯಾ ಎಂದು ವಾರ್ಡನ್ ಹತ್ತಿರ ಕೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಚಿಲಕವನ್ನು ಎರಡು ಸಲ ಎಳೆದು ನೋಡಿದರು. ಹೊರಗೆ ಬಂದು ಒಂದೇ ಪ್ರಶ್ನೆ: "ರಾತ್ರಿ ತಾವು ಇಲ್ಲೇ ಮಲಗ್ತೀರಾ ಮೇಡಂ, ಮನೆಗೆ ಹೋಗಿಬಿಡ್ತೀರಾ?" "ಇಲ್ಲೇ ಇರ್ತೀನಿ ಯಜಮಾನ್ರೆ, ಆ ಬಾಗಿಲ ಪಕ್ಕದ ಕೋಣೇಲಿ" ಎಂದರು ಅವರು. ಆಮೇಲೆ ಟ್ರಂಕು ಕೆಳಗಿಳಿಯಿತು.

ಅಟ್ಲಾಸಿನ ಅಪ್ಪಂದಿರಿಗೂ ಬೇಕಾದದ್ದು ಇದೇ ಉತ್ತರ. ಪಟ್ಟಣದಲ್ಲಿ ಮಗಳನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇನೆ ಎಂಬುದಕ್ಕೆ ಒಂದು ಮುಖ ಬೇಕು, ಆ ಮುಖ ತನ್ನ ಭಾಷೆ ಆಡಬೇಕು. ಬೆಟ್ಟದವರದು ತಶೆಲ್ಹಿತ್, ಅಮಾಜಿಗ್ ಭಾಷೆಗಳಲ್ಲೊಂದು. ಅಮಾಜಿಗ್‌ಗೆ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದು 2011ರ ಸಂವಿಧಾನದಲ್ಲಿ. ಆದರೆ ಶಾಲೆಯ ಮುಖ್ಯ ಭಾಷೆ ಅರಬ್ಬಿ, ವಿಜ್ಞಾನಕ್ಕೆ ಬಂದರೆ ಫ್ರೆಂಚ್ ಹೆಗಲೇರುತ್ತದೆ. ಹನ್ನೆರಡರ ಹುಡುಗಿ ಮೊದಲ ಸಲ ಮನೆ ಬಿಟ್ಟು, ಮನೆಯಲ್ಲಿ ಯಾರೂ ಆಡದ ಎರಡು ಭಾಷೆಗಳಲ್ಲಿ ಪಾಠ ಕೇಳಿ, ಸಂಜೆ ಬಂದು ಕೂತಾಗ ಅವಳ ಮಾತಿನಲ್ಲೇ "ಊಟ ಮಾಡ್ದ್ಯಾ?" ಎನ್ನುವ ಒಬ್ಬಾಕೆ ಇರುವುದು ಸಣ್ಣ ಸಂಗತಿಯಲ್ಲ. ಅಪ್ಪ ಸಂತೆಗೆ ಬಂದಾಗ ಇದೇ ಹೆಂಗಸನ್ನು ಬಾಗಿಲಲ್ಲಿ ಮಾತಾಡಿಸಿ ಹೋಗುತ್ತಾನೆ. ಊರಿಗೆ ವಾಪಸಾಗಿ ಪಕ್ಕದ ಮನೆಯವನಿಗೆ ಹೇಳುತ್ತಾನೆ. ಮುಂದಿನ ವರ್ಷ ಆ ಮನೆಯ ಹುಡುಗಿಯೂ ಅರ್ಜಿ ಹಾಕುತ್ತಾಳೆ. ಪ್ರಚಾರಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಇದಕ್ಕೆ ಯುರೋಪಿನಿಂದ ಯಾರೂ ಬರಬೇಕಾಗಿಯೂ ಇಲ್ಲ.

ಹುಡುಗಿಯರ ಹಾಸ್ಟೆಲ್ ಎಂಬ ಕಲ್ಪನೆಯೇನೂ ಈ ಸಂಸ್ಥೆ ಮೊರಾಕ್ಕೊಗೆ ತಂದದ್ದಲ್ಲ. ದಾರ್ ತಾಲಿಬಾ, ಅಂದರೆ ವಿದ್ಯಾರ್ಥಿನಿಯ ಮನೆ ಎಂಬ ಹೆಸರಿನಲ್ಲಿ ಅಂಥ ಮನೆಗಳು ದೇಶದಲ್ಲಿ ಮೊದಲೇ ಇದ್ದವು. ಹುಡುಗರಿಗಾದರೆ ದಾರ್ ತಾಲಿಬ್. ಸ್ಥಳೀಯ ಸಂಘಗಳು ನಡೆಸುತ್ತವೆ, ಸರ್ಕಾರ ಒಂದಷ್ಟು ಅನುದಾನ ಕೊಡುತ್ತದೆ. 2005ರ ಮೇ ತಿಂಗಳಲ್ಲಿ ದೊರೆ ಆರನೇ ಮೊಹಮ್ಮದ್ ಘೋಷಿಸಿದ ಮಾನವ ಅಭಿವೃದ್ಧಿ ಯೋಜನೆಯಲ್ಲಿ ಇಂಥ ಕಟ್ಟಡಗಳಿಗೆ ಹಣ ಹರಿಯಿತು. ಹಾಗಿದ್ದರೂ ಹೊರಗಿನ ಸ್ವಯಂಸೇವಕರು ಯಾಕೆ ಬೇಕಾಯಿತು? ಉತ್ತರ ಹುಡುಕುತ್ತ ಹೋದರೆ ಆಫ್ರಿಕಾದ ಯಾವ ಹಳ್ಳಿಯ ಹಾಸ್ಟೆಲಿಗೆ ಹೋದರೂ ಎದುರಾಗುವ ಒಂದೇ ಜಾಗಕ್ಕೆ ಬಂದು ನಿಲ್ಲುತ್ತೇವೆ: ಅಡುಗೆಮನೆ.

ಕಟ್ಟಡ ಒಂದು ಸಲದ ಖರ್ಚು. ದಾನಿಗೆ ಅದು ಕಣ್ಣಿಗೆ ಕಾಣುತ್ತದೆ, ಗೋಡೆಯ ಮೇಲೆ ಹೆಸರು ಬರುತ್ತದೆ, ಟೇಪು ಕತ್ತರಿಸುವ ದಿನದ ಫೋಟೋ ಇರುತ್ತದೆ. ಸರ್ಕಾರಕ್ಕೂ ಅಷ್ಟೇ, ಇಷ್ಟು ಕಟ್ಟಡ ಕಟ್ಟಿದೆವು ಎಂದು ಲೆಕ್ಕ ತೋರಿಸಬಹುದು. ಆದರೆ ನಲವತ್ತು ಹುಡುಗಿಯರ ಮನೆಯಲ್ಲಿ ಬೆಳಗ್ಗೆ ಎದ್ದರೆ ನಲವತ್ತು ಜನರಿಗೆ ರೊಟ್ಟಿ ಬೇಕು, ಚಹಾಕ್ಕೆ ಸಕ್ಕರೆ ಬೇಕು. ಮಧ್ಯಾಹ್ನಕ್ಕೆ ಬೇಳೆ ತರಕಾರಿ ಬೇಯಬೇಕು, ಶುಕ್ರವಾರ ಕೂಸ್‌ಕೂಸ್ ಆಗಬೇಕು. ಗ್ಯಾಸ್ ಸಿಲಿಂಡರ್ ಮುಗಿಯುತ್ತದೆ. ಜನವರಿಯ ಚಳಿಯಲ್ಲಿ ಸ್ನಾನಕ್ಕೆ ಬಿಸಿನೀರಿಲ್ಲದಿದ್ದರೆ ಹುಡುಗಿಯರು ಕಾಯಿಲೆ ಬೀಳುತ್ತಾರೆ. ಒಬ್ಬಳಿಗೆ ಜ್ವರ ಬಂದರೆ ರಾತ್ರಿ ಹನ್ನೊಂದಕ್ಕೆ ಕರೆದೊಯ್ಯಲು ಯಾರಿಗಾದರೂ ಫೋನ್ ಮಾಡಬೇಕು, ಆ ಫೋನಿಗೆ ಕರೆನ್ಸಿ ಇರಬೇಕು. ಮುಟ್ಟಿನ ಬಟ್ಟೆಯೋ ಪ್ಯಾಡೋ ಕೇಳಲು ನಾಚಿಕೆ ಆಗದಂತೆ ಕಪಾಟಿನಲ್ಲಿ ಇಟ್ಟಿರಬೇಕು. ಇದು ಪ್ರತಿ ತಿಂಗಳು, ಪ್ರತಿ ವರ್ಷ, ಇಪ್ಪತ್ತು ವರ್ಷ. ಈ ಖರ್ಚಿಗೆ ಫಲಕ ಹಾಕುವ ಗೋಡೆ ಯಾವುದೂ ಇಲ್ಲ. ಕಟ್ಟಡ ನಿಂತಿದ್ದೂ ಹಾಸ್ಟೆಲ್ ಮುಚ್ಚಿದ ಉದಾಹರಣೆಗಳನ್ನು ಆಫ್ರಿಕಾಕ್ಕೆ ಹೋಗಿ ಹುಡುಕಬೇಕಿಲ್ಲ.

ನಮ್ಮ ಹಿರಿಯರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ವಾರಾನ್ನ ಎಂದರೆ ಏನು? ಓದುವ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಣ್ಣುವುದು. ಕಟ್ಟಡವೇ ಇಲ್ಲದ ಹಾಸ್ಟೆಲ್ ಅದು. ಮಠಗಳ ಪ್ರಸಾದ ನಿಲಯಗಳಿಗೆ ಮನೆಮನೆಯ ಹೆಂಗಸರು ದಿನವೂ ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಮುಷ್ಟಿ ಬೇರೆ ಮಡಕೆಗೆ ಹಾಕಿಡುತ್ತಿದ್ದರು. ಗೋಡೆಗೆ ಮೊದಲು ಅನ್ನ ಎಂಬ ಆ ಕ್ರಮದಲ್ಲಿ ಎರಡು ಮೂರು ತಲೆಮಾರಿನ ಹಳ್ಳಿ ಹುಡುಗರು ಪದವೀಧರರಾದರು. ಹುಡುಗರು ಎಂದೇ ಬರೆಯುತ್ತಿದ್ದೇನೆ, ಬೇಕೆಂದೇ. ವಾರಾನ್ನಕ್ಕೆ ಹುಡುಗಿಯನ್ನು ಕಳಿಸಿದ ಮನೆಯ ಬಗ್ಗೆ ನಾನಂತೂ ಕೇಳಿಲ್ಲ. ಇನ್ನೊಬ್ಬರ ಮನೆಯ ಜಗುಲಿಯಲ್ಲಿ ಹುಡುಗ ಮಲಗಬಹುದಿತ್ತು, ಹುಡುಗಿಗೆ ಬಾಗಿಲು ಬೇಕಿತ್ತು, ಬಾಗಿಲ ಪಕ್ಕ ಒಬ್ಬಾಕೆ ಬೇಕಿತ್ತು.

ಸ್ವಯಂಸೇವಕ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಆ ಒಂದು ಪದದ ಕೆಳಗೆ ಕನಿಷ್ಠ ಮೂರು ಬಗೆಯ ಜನರಿದ್ದಾರೆ. ಮಂಡಳಿಯಲ್ಲಿ ಕೂತು ವರ್ಷಗಟ್ಟಲೆ ಲೆಕ್ಕ ನೋಡುವವರು, ಹಣ ಎತ್ತುವವರು, ಸರ್ಕಾರಿ ಕಚೇರಿಗೆ ಅಲೆಯುವವರು ಒಂದು ಬಗೆ. ಕೆಲವು ತಿಂಗಳು ಬಂದು ಮನೆಯಲ್ಲೇ ಇದ್ದು ಹುಡುಗಿಯರಿಗೆ ಇಂಗ್ಲಿಷೋ ಫ್ರೆಂಚೋ ಹೇಳಿಕೊಡುವವರು ಇನ್ನೊಂದು. ಮೂರನೆಯದು, ರಜೆಯಲ್ಲಿ ಎರಡು ವಾರ ಬಂದು ಇಟ್ಟಿಗೆ ಜೋಡಿಸಿ ಹೋಗುವವರು. ಈ ಮೂರನೆಯ ಬಗೆಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮನಸ್ಸು ಒಳ್ಳೆಯದೇ ಇರುತ್ತದೆ. ಆದರೆ ಪೂರ್ವ ಆಫ್ರಿಕಾದ ಯಾವ ಹಳ್ಳಿಯಲ್ಲೂ ಗಾರೆ ಕೆಲಸದವನಿಗೆ ಕೊರತೆಯಿಲ್ಲ, ಕೊರತೆ ಇರುವುದು ಅವನಿಗೆ ಕೊಡುವ ಕೂಲಿಗೆ. ಲಂಡನ್ನಿನಿಂದ ಬರುವ ಇಬ್ಬರ ವಿಮಾನದ ಟಿಕೆಟ್ಟಿನ ದುಡ್ಡಲ್ಲಿ ಊರಿನ ಮೇಸ್ತ್ರಿ ಎಷ್ಟು ದಿನ ದುಡಿಯಬಹುದು ಎಂದು ಲೆಕ್ಕ ಹಾಕಿದರೆ ಸಾಕು. ಅವನು ಕಟ್ಟಿದ ಗೋಡೆ ನೆಟ್ಟಗಿರುತ್ತದೆ. ಹತ್ತು ವರ್ಷದ ಮೇಲೆ ಬಿರುಕು ಬಿಟ್ಟರೆ ಕರೆದರೆ ಬರುತ್ತಾನೆ.

ಎರಡನೆಯ ಬಗೆಯವರಿಂದ ಉಪಯೋಗವುಂಟು, ಮನೆಯ ಬೆನ್ನೆಲುಬು ಅವರ ಮೇಲೆ ನಿಲ್ಲದಿದ್ದರೆ. ಇಂಗ್ಲಿಷ್ ಅಕ್ಕ ಮಾರ್ಚಿನಲ್ಲಿ ಹೋದರೂ ಏಪ್ರಿಲಿನಲ್ಲಿ ಊಟ ಆಗಬೇಕು, ದೀಪ ಉರಿಯಬೇಕು. ಅಟ್ಲಾಸಿನ ಮನೆಗಳಲ್ಲಿ ಹಾಗೆ ಆಗುವುದು, ಬರುವವರು ಬಂದು ಹೋಗುವವರು ಹೋದರೂ ಹೌಸ್ ಮದರ್ ಅಲ್ಲೇ ಇರುವುದರಿಂದ. ದೂರದವರು ಸಂಬಳವಿಲ್ಲದೆ ದುಡಿಯಬೇಕು, ಹತ್ತಿರದವಳಿಗೆ ಸಂಬಳ ಸಿಗಬೇಕು. ಎಷ್ಟೋ ದತ್ತಿ ಸಂಸ್ಥೆಗಳಲ್ಲಿ ಇದು ತಿರುಗುಮುರುಗಾಗಿ, ರಾಜಧಾನಿಯ ಕಚೇರಿಯವರಿಗೆ ಸಂಬಳ ಮತ್ತು ವಾಹನ, ಹಳ್ಳಿಯಲ್ಲಿ ಅಡುಗೆ ಮಾಡುವವಳಿಗೆ "ಸೇವೆ" ಎಂಬ ಹೆಸರು ಸಿಗುತ್ತದೆ. ಅದು ಸೇವೆಯಲ್ಲ, ಬಿಟ್ಟಿ ದುಡಿಮೆ.

ಸಂಪ್ರದಾಯಸ್ಥ ಹಳ್ಳಿಯವರು, ಹೆಣ್ಣುಮಕ್ಕಳನ್ನು ಓದಿಸಲು ಮನಸ್ಸಿಲ್ಲದವರು ಎಂಬ ಮಾತು ಆಫ್ರಿಕಾದ ಬಗ್ಗೆ ಬಹಳ ಕೇಳಿಬರುತ್ತದೆ. 1991ರಲ್ಲಿ ಆನ್ ಕಾಟನ್ ಎಂಬ ಬ್ರಿಟಿಷ್ ಮಹಿಳೆ ಜಿಂಬಾಬ್ವೆಯ ಮೋಲಾ ಎಂಬ ಹಳ್ಳಿಗೆ ಹೋದದ್ದೂ ಈ ಮಾತನ್ನು ನಂಬಿಯೇ. ಅಲ್ಲಿ ಅವರು ಕಂಡದ್ದು, ಮನೆಯಿಂದ ಸುಮಾರು ನೂರು ಕಿಲೋಮೀಟರ್ ದೂರ ಬಂದು, ಶುಲ್ಕ ಕಡಿಮೆಯಿರುವ ಈ ಶಾಲೆಗೆ ಸೇರಿ, ಗುಡಿಸಲು ಹಾಕಿಕೊಂಡು ತಾವೇ ಅಡುಗೆ ಮಾಡಿಕೊಂಡು ಓದುತ್ತಿದ್ದ ಇಬ್ಬರು ಹುಡುಗಿಯರನ್ನು. ಊರವರ ಜೊತೆ ಮಾತಾಡಿದಾಗ ತಡೆಯಾಗಿದ್ದದ್ದು ಮನಸ್ಸಲ್ಲ, ದುಡ್ಡು ಎಂದು ತಿಳಿಯಿತು. ಒಬ್ಬರನ್ನಷ್ಟೇ ಓದಿಸಲು ಆಗುವಾಗ ಅಪ್ಪ ಅಮ್ಮ ಮಗನನ್ನು ಆರಿಸುತ್ತಿದ್ದರು, ಕೆಲಸ ಸಿಗುವ ಸಾಧ್ಯತೆ ಅವನಿಗೇ ಹೆಚ್ಚು ಎಂದು. ಎರಡು ವರ್ಷದ ಮೇಲೆ ಅವರು ಕಟ್ಟಿದ ಕ್ಯಾಮ್‌ಫೆಡ್ ಸಂಸ್ಥೆ ಇಂದು ಜಿಂಬಾಬ್ವೆ, ಜಾಂಬಿಯಾ, ಘಾನಾ, ತಾಂಜಾನಿಯಾ, ಮಲಾವಿಗಳಲ್ಲಿ ಹರಡಿದೆ. ಅದರ ಹುಟ್ಟಿನಲ್ಲಿ ಇರುವುದು ಹುಡುಗಿಯರು ತಾವೇ ಕಟ್ಟಿಕೊಂಡ ಒಂದು ಹಾಸ್ಟೆಲ್. ಅದನ್ನು ಮರೆಯಬಾರದು ಎನಿಸುತ್ತದೆ.

ಇಂಥ ಗುಡಿಸಲು, ಇಂಥ ಬಾಡಿಗೆ ಕೋಣೆ ಇಂದಿಗೂ ಇವೆ. ಮಲಾವಿಯಲ್ಲಿ ಇದನ್ನು ಸೆಲ್ಫ್ ಬೋರ್ಡಿಂಗ್ ಎನ್ನುತ್ತಾರೆ. ತಾಂಜಾನಿಯಾ 2004ರಿಂದೀಚೆಗೆ ಪ್ರತಿ ವಾರ್ಡಿಗೂ ಒಂದು ಪ್ರೌಢಶಾಲೆ ಎಂದು ಹೊರಟು ಸಾವಿರಾರು ಶಾಲೆ ಕಟ್ಟಿತು, ಒಳ್ಳೆಯದೇ ಆಯಿತು. ಆದರೆ ಅಲ್ಲಿನ ಒಂದು ವಾರ್ಡ್ ಎಂದರೆ ನಮ್ಮ ಊರಿನ ವಾರ್ಡಲ್ಲ, ಹಲವು ಹಳ್ಳಿಗಳ ಗುಂಪು. ಎರಡು ಗಂಟೆ ನಡೆದು ಬರುವ ಹುಡುಗಿಗೆ ಕೊನೆಗೆ ಶಾಲೆಯ ಪಕ್ಕ ಬಾಡಿಗೆ ಕೋಣೆಯೇ ಗತಿ. ಆ ಕೋಣೆಗೆ ಬಾಗಿಲಿರುತ್ತದೆ, ಬಾಗಿಲ ಪಕ್ಕ ಯಾರೂ ಇರುವುದಿಲ್ಲ. ಬಾಡಿಗೆ ಕಟ್ಟಲಾಗದ ತಿಂಗಳು ಸಹಾಯ ಮಾಡುವ ಗಂಡಸರು ಹೇಗೋ ಹುಟ್ಟಿಕೊಳ್ಳುತ್ತಾರೆ. ಬಸುರಾದ ಹುಡುಗಿಗೆ ಮತ್ತೆ ಶಾಲೆಗೆ ಬರಲು ಬಿಡುವುದಿಲ್ಲ ಎಂದು 2017ರಲ್ಲಿ ಆಗಿನ ಅಧ್ಯಕ್ಷ ಮಗುಫುಲಿ ಬಹಿರಂಗವಾಗಿಯೇ ಹೇಳಿದ್ದರು. ಆ ನಿಷೇಧ ತೆರವಾದದ್ದು 2021ರ ನವೆಂಬರಿನಲ್ಲಿ. ಹಾಸ್ಟೆಲ್ ಇಲ್ಲದ ತಪ್ಪಿಗೆ ಅಷ್ಟು ವರ್ಷ ದಂಡ ಕಟ್ಟಿದವಳು ಹುಡುಗಿ.

ದುಡ್ಡಿನ ವಿಷಯಕ್ಕೆ ಮೊರಾಕ್ಕೊದ್ದೇ ಇನ್ನೊಂದು ಪ್ರಯೋಗವಿದೆ. 2008ರಲ್ಲಿ ಸರ್ಕಾರ ತೈಸೀರ್ ಎಂಬ ಯೋಜನೆ ಶುರುಮಾಡಿತು. ಪ್ರಾಥಮಿಕ ಶಾಲೆಗೆ ಹೋಗುವ ಮಗುವಿಗೆ ತರಗತಿ ನೋಡಿ ತಿಂಗಳಿಗೆ 60ರಿಂದ 100 ದಿರ್ಹಮ್, ಮನೆಯವರ ಕೈಗೆ. ನಂತರ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಹಾಜರಿ ಇದ್ದರೆ ಮಾತ್ರ ಹಣ ಎಂಬ ಕಟ್ಟುನಿಟ್ಟು ಬೇಕೇ ಆಗಲಿಲ್ಲ. ಇದು ಮಕ್ಕಳ ಓದಿಗಾಗಿ ಎಂದು ಹೇಳಿ ಕೊಟ್ಟ ಸಣ್ಣ ಮೊತ್ತವೇ ಶಾಲೆ ಬಿಡುವವರನ್ನು ಗಣನೀಯವಾಗಿ ತಗ್ಗಿಸಿತು. ತಾಯಿತಂದೆಗೆ ಮನಸ್ಸಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಗಮನಿಸಬೇಕಾದ್ದು, ಇದು ಊರಲ್ಲೇ ಇರುವ ಶಾಲೆಯ ಮಾತು. ಹನ್ನೆರಡು ದಾಟಿದ ಹುಡುಗಿಗೆ ನೂರರ ಬದಲು ಇನ್ನೂರು ದಿರ್ಹಮ್ ಕೊಟ್ಟರೂ ಬೆಟ್ಟದ ದಾರಿ ಗಿಡ್ಡವಾಗುವುದಿಲ್ಲ. ಅಲ್ಲಿಂದ ಮುಂದೆ ಹಾಸಿಗೆಯೇ ಬೇಕು.

ಹಾಗೆಂದು ಹಾಸ್ಟೆಲ್ ಎಂದರೆ ಸುರಕ್ಷಿತ ಎಂದು ಬರೆದು ಮುಗಿಸುವಂತಿಲ್ಲ. ನಲವತ್ತು ಮಕ್ಕಳನ್ನು ಒಂದು ಸೂರಿನಡಿ ತಂದರೆ ನಲವತ್ತು ಮನೆಗಳ ಅಪಾಯವೂ ಒಂದು ಸೂರಿನಡಿ ಬರುತ್ತದೆ. 2001ರ ಮಾರ್ಚಿನಲ್ಲಿ ಕೆನ್ಯಾದ ಕ್ಯಾಂಗುಲಿ ಪ್ರೌಢಶಾಲೆಯ ಹಾಸ್ಟೆಲಿಗೆ ಬೆಂಕಿ ಬಿದ್ದು 67 ಹುಡುಗರು ಸತ್ತರು. ಒಂದು ಬಾಗಿಲಿಗೆ ಬೀಗ ಹಾಕಿತ್ತು, ಕಿಟಕಿಗಳಿಗೆ ಸರಳುಗಳಿದ್ದವು. 2008ರಲ್ಲಿ ಕೆನ್ಯಾ ಸರ್ಕಾರ ನಿಯಮಾವಳಿ ತಂದಿತು: ಕಿಟಕಿಗೆ ಸರಳು ಬೇಡ, ಬಾಗಿಲು ಹೊರಕ್ಕೆ ತೆರೆಯಬೇಕು, ಮಂಚಗಳ ನಡುವೆ ಜಾಗ ಇರಬೇಕು. 2024ರ ಸೆಪ್ಟೆಂಬರಿನಲ್ಲಿ ನ್ಯೇರಿ ಜಿಲ್ಲೆಯ ಎಂದರಾಶಾದಲ್ಲಿ ಹಲಗೆಗಳಿಂದ ಕಟ್ಟಿದ, ಕಿಕ್ಕಿರಿದ ಹಾಸ್ಟೆಲಿನಲ್ಲಿ ಮತ್ತೆ ಬೆಂಕಿ, 21 ಹುಡುಗರ ಸಾವು. ನೈಜೀರಿಯಾದ ಚಿಬೋಕ್‌ನಲ್ಲಿ 2014ರ ಏಪ್ರಿಲಿನಲ್ಲಿ ಬಂದೂಕುಧಾರಿಗಳು ಹೊತ್ತೊಯ್ದ 276 ಹುಡುಗಿಯರೂ ವಸತಿ ಶಾಲೆಯಲ್ಲಿ ಮಲಗಿದ್ದವರೇ.

ಇಲ್ಲಿ ನನ್ನ ಅಪ್ಪ ಎಳೆದು ನೋಡಿದ ಚಿಲಕ ಮತ್ತೆ ನೆನಪಾಗುತ್ತದೆ. ಹುಡುಗಿಯರ ಹಾಸ್ಟೆಲ್ ಕಟ್ಟುವವರಿಗೆ ಎರಡು ಭಯಗಳು ಎದುರುಬದುರು ನಿಲ್ಲುತ್ತವೆ. ಹೊರಗಿನವರು ಒಳಗೆ ಬರಬಾರದು ಎಂದು ಗ್ರಿಲ್ಲು, ಬೀಗ, ಎತ್ತರದ ಗೋಡೆ. ಒಳಗಿನವರು ಬೇಗ ಹೊರಗೆ ಬರುವಂತಿರಬೇಕು ಎಂದು ತೆರೆದ ಬಾಗಿಲು. ತಾಯಿತಂದೆಗೆ ಕಾಣುವುದು ಮೊದಲನೆಯದು, ಜೀವ ತೆಗೆಯುವುದು ಹಲವು ಸಲ ಅದೇ. ಎರಡನ್ನೂ ಸರಿದೂಗಿಸುವುದು ಕಬ್ಬಿಣದಿಂದ ಆಗದು. ರಾತ್ರಿ ಎಚ್ಚರವಾಗಬಲ್ಲ, ಬೀಗದ ಕೈ ಎಲ್ಲಿದೆಯೆಂದು ಗೊತ್ತಿರುವ, ಎಷ್ಟು ಹುಡುಗಿಯರಿದ್ದಾರೆ ಎಂದು ಕತ್ತಲಲ್ಲೂ ಎಣಿಸಬಲ್ಲ ಒಬ್ಬರು ಬೇಕು. ನೂರೈವತ್ತು ಮಕ್ಕಳ ಡಾರ್ಮಿಟರಿಯಲ್ಲಿ ಅದು ಸಾಧ್ಯವಿಲ್ಲ. ನಲವತ್ತರ ಮನೆಯಲ್ಲಿ ಸಾಧ್ಯ. ಸಣ್ಣ ಮನೆಗಳಿಗೆ ತಲಾವಾರು ಖರ್ಚು ಜಾಸ್ತಿ ಎಂದು ಲೆಕ್ಕಿಗರು ತಕರಾರು ತೆಗೆಯುತ್ತಾರೆ. ಆ ಹೆಚ್ಚಿನ ಖರ್ಚು ಯಾವುದಕ್ಕೆ ಎಂಬುದು ಈ ಬೆಂಕಿಗಳಲ್ಲಿ ಕಾಣುತ್ತದೆ.

2023ರ ಸೆಪ್ಟೆಂಬರ್ 8, ಶುಕ್ರವಾರ ರಾತ್ರಿ ಹನ್ನೊಂದು ದಾಟಿದ ಮೇಲೆ ಅಟ್ಲಾಸ್ ನಡುಗಿತು. 6.8 ತೀವ್ರತೆ, ಕೇಂದ್ರಬಿಂದು ಅಲ್ ಹೌಜ್ ಪ್ರಾಂತದ ಇಘಿಲ್ ಬಳಿ. ಮಣ್ಣು ಕಲ್ಲಿನ ಮನೆಗಳು ಮಲಗಿದ್ದವರ ಮೇಲೆ ಕುಸಿದವು. ಸತ್ತವರು 2,900ಕ್ಕೂ ಹೆಚ್ಚು. ತಲಾತ್ ನ್ಯಾಕೂಬ್ ಹೆಚ್ಚುಕಡಿಮೆ ನೆಲಸಮವಾಯಿತು. ದೇಶದ ಶಿಕ್ಷಣ ಇಲಾಖೆ ಕೊಟ್ಟ ಲೆಕ್ಕದಲ್ಲಿ 530 ಶಾಲೆಗಳಿಗೆ, 55 ವಸತಿನಿಲಯಗಳಿಗೆ ಹಾನಿಯಾಗಿತ್ತು. ಎಜುಕೇಷನ್ ಫಾರ್ ಆಲ್‌ನ ಮನೆಗಳಿದ್ದದ್ದು ಇದೇ ಕಣಿವೆಯಲ್ಲಿ, ಹಲವು ಹಾನಿಗೊಂಡವು. ಅಲ್ ಹೌಜ್‌ನ ಸುಮಾರು 6,000 ಕೊಲೆಜ್, ಲಿಸೆ ವಿದ್ಯಾರ್ಥಿಗಳನ್ನು ಸರ್ಕಾರ ಮರಾಕೇಶ್‌ಗೆ ಸಾಗಿಸಿತು, ಸಂಸ್ಥೆಯ ಹುಡುಗಿಯರೂ ಅಲ್ಲಿಗೇ ಹೋದರು. ಮನೆ ಕಳೆದುಕೊಂಡವರು, ತಮ್ಮವರನ್ನು ಮಣ್ಣು ಮಾಡಿ ಬಂದವರು, ಮೊದಲ ಸಲ ಮಹಾನಗರದಲ್ಲಿ ಬೆಳಗ್ಗೆ ಎದ್ದು ಶಾಲೆಗೆ ಹೊರಟರು. ಅವರು ಹೊರಟರು ಎಂಬುದೇ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸಣ್ಣ ಸಂಸ್ಥೆಯ ಬಲ ಮತ್ತು ಮಿತಿ ಎರಡೂ ಇಂಥ ಹೊತ್ತಿನಲ್ಲಿ ಗೊತ್ತಾಗುತ್ತವೆ. ಪ್ರತಿ ಹುಡುಗಿಯ ಹೆಸರು, ಊರು, ಅಪ್ಪನ ಫೋನ್ ನಂಬರ್ ಗೊತ್ತಿದ್ದರೆ ಯಾರು ಬದುಕಿದ್ದಾರೆ, ಯಾರಿಗೆ ಏನು ಬೇಕು ಎಂದು ಒಬ್ಬೊಬ್ಬರನ್ನೇ ವಿಚಾರಿಸಬಹುದು. ಯಾವ ಇಲಾಖೆಗೂ ಅಷ್ಟು ಹತ್ತಿರದ ಪರಿಚಯ ಇರುವುದಿಲ್ಲ. ಆದರೆ ಬಿದ್ದ ಗೋಡೆಗಳನ್ನು ಭೂಕಂಪ ತಡೆಯುವಂತೆ ಮತ್ತೆ ಎಬ್ಬಿಸುವುದು ಸೈಕಲ್ ಸ್ಪರ್ಧೆಯ ದುಡ್ಡಿಗೆ ಮೀರಿದ ಕೆಲಸ. ನಿಜಕ್ಕೂ ಸೈಕಲ್ ಸ್ಪರ್ಧೆಯೇ. ಮರಾಕೇಶ್‌ನಿಂದ ಊಕೈಮೆಡೆನ್ ಬೆಟ್ಟಕ್ಕೆ ಸೈಕಲ್ ತುಳಿಯುವ ಒಂದು ವಾರ್ಷಿಕ ಸ್ಪರ್ಧೆ ಈ ಸಂಸ್ಥೆಗೆ ಹಣ ಕೂಡಿಸುತ್ತ ಬಂದಿದೆ. ಪ್ರವಾಸಿಗರನ್ನೂ ಬೆಟ್ಟ ಪ್ರೀತಿಸುವವರನ್ನೂ ನೆಚ್ಚಿದ ಆದಾಯ ಇದು. 2020ರ ಮಾರ್ಚಿನಲ್ಲಿ ಮೊರಾಕ್ಕೊ ಗಡಿ ಮುಚ್ಚಿತು, ಅದೇ ತಿಂಗಳ 16ರಿಂದ ಶಾಲೆಗಳೂ ಮುಚ್ಚಿದವು. ಹುಡುಗಿಯರು ನೆಟ್‌ವರ್ಕ್ ಸಿಗದ ಊರುಗಳಿಗೆ ವಾಪಸಾದರು. ಪ್ರವಾಸಿಗರನ್ನು ನಂಬಿದ ದಾನ ಬತ್ತಿಹೋಗುವ ಕಾಲ, ಹುಡುಗಿಗೆ ಅದು ಅತಿ ಹೆಚ್ಚು ಬೇಕಾಗುವ ಕಾಲ, ಎರಡೂ ಒಂದೇ. ಇದಕ್ಕೆ ಸಂಸ್ಥೆಯನ್ನು ದೂರುವಂತಿಲ್ಲ. ಬೀಳುಗಾಲದಲ್ಲೂ ನಿಲ್ಲದೆ ಬರುವ ಹಣ ಎಂದರೆ ತೆರಿಗೆಯ ಹಣ ಮಾತ್ರ.

ಆ ಹಣದ ಪ್ರಶ್ನೆ ಮೊರಾಕ್ಕೊದ ಬೀದಿಗೂ ಬಂತು. 2025ರ ಸೆಪ್ಟೆಂಬರ್ 27ರಿಂದ ಜೆನ್ ಜಿ 212 ಎಂಬ ಹೆಸರಿನಲ್ಲಿ ದೇಶದ ಯುವಜನ ಬೀದಿಗಿಳಿದರು. 212 ಎಂದರೆ ಮೊರಾಕ್ಕೊದ ದೂರವಾಣಿ ಸಂಕೇತ. 2030ರ ವಿಶ್ವಕಪ್ ಫುಟ್ಬಾಲಿಗೆ ಸ್ಪೇನ್, ಪೋರ್ಚುಗಲ್ ಜೊತೆ ಆತಿಥ್ಯ ವಹಿಸಲು ಕ್ರೀಡಾಂಗಣಗಳು ಏಳುತ್ತಿದ್ದವು. ಕ್ರೀಡಾಂಗಣ ಇಲ್ಲಿವೆ, ಆಸ್ಪತ್ರೆಗಳೆಲ್ಲಿ ಎಂದು ಅವರು ಕೂಗಿದರು, ಒಳ್ಳೆಯ ಶಾಲೆ ಕೇಳಿದರು. ಮುಂದಿನ ತಿಂಗಳು ಸರ್ಕಾರ 2026ರ ಬಜೆಟ್ಟಿನಲ್ಲಿ ಆರೋಗ್ಯ ಮತ್ತು ಶಿಕ್ಷಣಕ್ಕೆ 140 ಶತಕೋಟಿ ದಿರ್ಹಮ್ ಇಡುವುದಾಗಿ ಹೇಳಿತು. ಭೂಕಂಪದ ಪ್ರದೇಶವನ್ನು ಮತ್ತೆ ಕಟ್ಟಲು ಐದು ವರ್ಷಕ್ಕೆ 120 ಶತಕೋಟಿ ಎಂದು 2023ರಲ್ಲೇ ಘೋಷಣೆಯಾಗಿತ್ತು. ಮೊತ್ತಗಳು ದೊಡ್ಡವು. ಅದರಲ್ಲಿ ಎಷ್ಟು ಸಿಮೆಂಟಿಗೆ, ಎಷ್ಟು ದಾರ್ ತಾಲಿಬಾದ ಅಡುಗೆಯವಳ ಸಂಬಳಕ್ಕೆ ಎಂದು ಕೇಳಬೇಕಾದ್ದು ಈಗ. ಸಿಮೆಂಟಿನ ಪಾಲು ಮೊದಲು ಖರ್ಚಾಗುತ್ತದೆ, ಎಲ್ಲ ಕಡೆಯೂ ಹಾಗೇ.

ಅಸ್ನಿಯ ಲೆಕ್ಕಕ್ಕೇ ಮರಳೋಣ. ಒಬ್ಬ ಹುಡುಗಿ ಹನ್ನೆರಡಕ್ಕೆ ಬಂದರೆ ಕೊಲೆಜ್ ಮೂರು, ಲಿಸೆ ಮೂರು, ಒಟ್ಟು ಆರು ವರ್ಷ ಆ ಹಾಸಿಗೆ ಅವಳದ್ದು. 2007ರಲ್ಲಿ ಹಾಗೆ ಬಂದವರು ನಡುವೆ ನಿಲ್ಲದೆ ಓದಿದ್ದರೆ ಬ್ಯಾಕಲೋರಿಯಾ ಬರೆದದ್ದು 2013ರಲ್ಲಿ. ಆ ಮನೆಗಳಿಂದ ಹೊರಟವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದಾರೆ. ಎಷ್ಟೋ ಹಳ್ಳಿಗಳಲ್ಲಿ ಅವರಿಗಿಂತ ಮೊದಲು ಆ ಮೆಟ್ಟಿಲು ಹತ್ತಿದ ಹೆಣ್ಣುಮಗಳೇ ಇರಲಿಲ್ಲ. ಆದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ನಲವತ್ತು ಹಾಸಿಗೆಯ ಮನೆಯಲ್ಲಿ ಯಾರೂ ಓದು ಬಿಡದಿದ್ದರೆ, ಅಂದರೆ ಮನೆ ತನ್ನ ಕೆಲಸವನ್ನು ಸರಿಯಾಗಿ ಮಾಡಿದರೆ, ವರ್ಷಕ್ಕೆ ಖಾಲಿಯಾಗುವುದು ಆರೋ ಏಳೋ ಹಾಸಿಗೆ. ಅರ್ಜಿಗಳು ಅದಕ್ಕಿಂತ ಎಷ್ಟೋ ಹೆಚ್ಚು. ಯಾರ ಮನೆ ಹೆಚ್ಚು ದೂರ, ಯಾರ ಮನೆ ಹೆಚ್ಚು ಬಡದು, ಯಾರ ಅಂಕ ಹೆಚ್ಚು ಎಂದು ನೋಡಿ ಆರಿಸಬೇಕು. ಅಪ್ಪ ಸತ್ತ ಹುಡುಗಿ ಮತ್ತು ಇಪ್ಪತ್ತು ಕಿಲೋಮೀಟರ್ ದೂರದ ಹುಡುಗಿ, ಇಬ್ಬರಲ್ಲಿ ಯಾರು? ಬೇಸಿಗೆ ರಜೆಯಲ್ಲಿ ಈ ಪಟ್ಟಿ ಮಾಡಲು ಕೂರುವವರು ಸಂಬಳವಿಲ್ಲದೆ ಕೂರುತ್ತಾರೆ, ಆ ಊರುಗಳ ದಾರಿ ಬಲ್ಲವರು ಜೊತೆಗಿರುತ್ತಾರೆ. ಆರು ಹೆಸರು ಬರೆದ ಮೇಲೂ ಮೇಜಿನ ಮೇಲೆ ಅರ್ಜಿಗಳು ಉಳಿದಿರುತ್ತವೆ. ಅವುಗಳಲ್ಲಿರುವ ಹುಡುಗಿಯರಿಗೂ ಆ ಸೆಪ್ಟೆಂಬರಿಗೆ ಹನ್ನೆರಡು ತುಂಬಿರುತ್ತದೆ.